ಹಣ ಮಂಜೂರಾಗಿತ್ತು, ಸಹಿ ಆಗಿರಲಿಲ್ಲ: ಇಂಗ್ಲೆಂಡಿನ ಎಂಟು ಮಹಡಿ ಕಟ್ಟಡವೊಂದರ ಪ್ರಕರಣ

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಕೊಳ್ಳುವ ಯೋಚನೆಯಲ್ಲಿ ಇರುವವರೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಈ ಪ್ರಕರಣ ಬರೆಯುತ್ತಿದ್ದೇನೆ. ಹೊರಗೋಡೆಯ ಹೊದಿಕೆಯಲ್ಲಿ ಬೆಂಕಿಯ ಅಪಾಯ ಇದ್ದ ಕಟ್ಟಡವೊಂದರ ದುರಸ್ತಿಗೆ ಸರ್ಕಾರದ ಹಣ ಸಿಗಲು ನಿವಾಸಿಗಳು ಪಟ್ಟ ಪಾಡು ಇದು. ಕಟ್ಟಡ, ಊರು, ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ನಿವಾಸಿಗಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ದುಂಡು ಮಾಡಿದ್ದೇನೆ. ಅಲ್ಲಿನ ನಿವಾಸಿಗಳ ಸಂಘಕ್ಕೆ ಕಾಗದಪತ್ರ ಓದಿ ಅರ್ಥ ಹೇಳುವ ಕೆಲಸ ನನ್ನದಾಗಿತ್ತು.

ಹಿನ್ನೆಲೆ

ಉತ್ತರ ಇಂಗ್ಲೆಂಡಿನ ಒಂದು ಊರು. ಹಿಂದೆ ಬಟ್ಟೆ ಗಿರಣಿಗಳಿದ್ದ ಕಾಲುವೆ ದಂಡೆ. ಅಲ್ಲಿ 2000ರ ದಶಕದಲ್ಲಿ ಎದ್ದ ಎಂಟು ಮಹಡಿಯ ಕಟ್ಟಡ, ಅರವತ್ತಕ್ಕೂ ಜಾಸ್ತಿ ಫ್ಲ್ಯಾಟ್. ಹಾಸನದ ಕಡೆಯ ದಂಪತಿ 2016ರಲ್ಲಿ ಐದನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡರು. ಆಕೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯಲ್ಲಿ ಕೆಲಸ, ಆತನಿಗೆ ಸಾಫ್ಟ್‌ವೇರ್. ನಾಲ್ಕೈದು ವರ್ಷ ಇದ್ದು, ಮಕ್ಕಳು ದೊಡ್ಡವರಾಗುವಾಗ ಹಿತ್ತಲಿರುವ ಮನೆಗೆ ಹೋಗೋದು ಅಂತ ಲೆಕ್ಕ ಹಾಕಿದ್ದರು.

ಮುಂದಿನದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡರೆ ಜಾಗದಲ್ಲೂ ನಮ್ಮದೊಂದು ಪಾಲು ಇರುತ್ತದೆ. ಗೋಡೆಗೆ ಏನಾದರೂ ಮಾಡಿಸಬೇಕಾದರೆ ಅಸೋಸಿಯೇಷನ್ ಸಭೆ ಸೇರಿ ತೀರ್ಮಾನ ಮಾಡುತ್ತೇವೆ. ಇಂಗ್ಲೆಂಡಿನಲ್ಲಿ ಬಹುಪಾಲು ಫ್ಲ್ಯಾಟ್‌ಗಳು ಲೀಸ್‌ಹೋಲ್ಡ್. ನೂರಿಪ್ಪತ್ತೈದು ವರ್ಷಕ್ಕೋ ಇನ್ನೂ ಹೆಚ್ಚಿನ ಅವಧಿಗೋ ಫ್ಲ್ಯಾಟಿನ ಹಕ್ಕು ನಿಮ್ಮದು. ಜಾಗ, ಸೂರು, ಹೊರಗೋಡೆ ಎಲ್ಲ ಫ್ರೀಹೋಲ್ಡರ್‌ನದು. ಫ್ರೀಹೋಲ್ಡರ್ ಅನ್ನುವುದು ಎಷ್ಟೋ ಸಲ ಒಂದು ಹೂಡಿಕೆ ಕಂಪನಿ. ಅದರ ಪರವಾಗಿ ಮ್ಯಾನೇಜಿಂಗ್ ಏಜೆಂಟ್ ಕಟ್ಟಡ ನೋಡಿಕೊಳ್ಳುತ್ತಾನೆ. ಖರ್ಚು ಮಾತ್ರ ಸರ್ವಿಸ್ ಚಾರ್ಜ್ ರೂಪದಲ್ಲಿ ನಿವಾಸಿಗಳ ತಲೆ ಮೇಲೆ. ಈ ದಂಪತಿ ತಮ್ಮ ಫ್ರೀಹೋಲ್ಡರ್ ಕಡೆಯ ಒಬ್ಬರನ್ನೂ ಮುಖತಃ ನೋಡಿರಲಿಲ್ಲ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. 24 ಮಹಡಿಯ ಆ ಕಟ್ಟಡದ ಹೊರಗೋಡೆಗೆ ಸ್ವಲ್ಪ ಹಿಂದಷ್ಟೇ ಹೊಸ ಹೊದಿಕೆ (ಕ್ಲ್ಯಾಡಿಂಗ್) ಹಾಕಿದ್ದರು. ಎರಡು ತೆಳು ಅಲ್ಯೂಮಿನಿಯಂ ಹಾಳೆ, ಮಧ್ಯೆ ಪಾಲಿಎಥಿಲೀನ್ ಪ್ಲಾಸ್ಟಿಕ್. ಅಡುಗೆಮನೆಯಲ್ಲಿ ಶುರುವಾದ ಬೆಂಕಿ ಆ ಹೊದಿಕೆ ಹಿಡಿದು ಮೇಲಕ್ಕೆ ಓಡಿತು. ಆಮೇಲೆ ದೇಶದ ಉದ್ದಗಲಕ್ಕೂ ಕಟ್ಟಡಗಳ ಹೊರಗೋಡೆ ಬಿಚ್ಚಿ ನೋಡಲು ಶುರು ಮಾಡಿದರು.

ಸಮಸ್ಯೆ ಗೊತ್ತಾಗಿದ್ದು ಹೇಗೆ

2020ರ ಆರಂಭದಲ್ಲಿ ದಂಪತಿ ಫ್ಲ್ಯಾಟ್ ಮಾರಾಟಕ್ಕೆ ಇಟ್ಟರು. ಕೊಳ್ಳುವವರೂ ಸಿಕ್ಕರು. ಅವರ ಬ್ಯಾಂಕ್ ಇಡಬ್ಲ್ಯೂಎಸ್1 ಅನ್ನುವ ಫಾರ್ಮ್ ಕೇಳಿತು. ಹೊರಗೋಡೆಯಲ್ಲಿ ಬೆಂಕಿಯ ಅಪಾಯ ಎಷ್ಟಿದೆ ಅಂತ ತಜ್ಞರೊಬ್ಬರು ಸಹಿ ಹಾಕಿ ಕೊಡುವ ಕಾಗದ ಅದು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತ್ತು. ಅಂಥ ತಜ್ಞರು ಆಗ ಸಿಗುವುದೇ ಕಷ್ಟ. ತಿಂಗಳುಗಟ್ಟಲೆ ಕಾದ ಮೇಲೆ ಬಂದವರು ಕಾಲುವೆ ಕಡೆಯ ಗೋಡೆಯಲ್ಲಿ ನಾಲ್ಕು ಫಲಕ ಬಿಚ್ಚಿದರು.

ಆ ಫೋಟೋಗಳನ್ನು ನಾನು ನೋಡಿದ್ದೇನೆ. ಹೊರಗೆ ಮರದ ಬಣ್ಣದ ಎಚ್‌ಪಿಎಲ್ ಫಲಕ, ಅಂದರೆ ಕಾಗದದ ಪದರಗಳನ್ನು ರೆಸಿನ್‌ನಲ್ಲಿ ಒತ್ತಿ ಮಾಡಿದ ಹಲಗೆ. ಅದರ ಹಿಂದೆ ಅಂಗೈ ಅಗಲ ಖಾಲಿ ಜಾಗ. ಅದರ ಹಿಂದೆ ಹಳದಿ ಬಣ್ಣದ ಫೋಮ್. ಪ್ರತಿ ಮಹಡಿಯ ಮಟ್ಟದಲ್ಲೂ ಆ ಖಾಲಿ ಜಾಗಕ್ಕೆ ಅಡ್ಡಲಾಗಿ ಬೆಂಕಿ ತಡೆಯುವ ಪಟ್ಟಿ ಇರಬೇಕು. ಬಿಚ್ಚಿದ ನಾಲ್ಕರಲ್ಲಿ ಮೂರು ಕಡೆ ಅದು ಇರಲೇ ಇಲ್ಲ. ಕೆಳಗೆ ಬೆಂಕಿ ಬಿದ್ದರೆ ಮೇಲಿನವರೆಗೂ ಅದಕ್ಕೆ ಹಾದಿ ಸಲೀಸು. ಫಾರ್ಮಿನಲ್ಲಿ ಬಂದ ದರ್ಜೆ ಬಿ2, ದುರಸ್ತಿ ಆಗಲೇಬೇಕು ಅಂತ. ಬ್ಯಾಂಕಿನ ಮೌಲ್ಯಮಾಪಕ ಫ್ಲ್ಯಾಟಿನ ಬೆಲೆ ಸೊನ್ನೆ ಅಂತ ಬರೆದ. ಮಾರಾಟ ಮುರಿದುಬಿತ್ತು.

ಹಿಂದೆಯೇ ಎರಡು ಪೆಟ್ಟು ಬಿತ್ತು. ಮೊದಲನೆಯದು ವೇಕಿಂಗ್ ವಾಚ್: ಬೆಂಕಿ ಕಂಡರೆ ಬಾಗಿಲು ಬಡಿದು ಎಬ್ಬಿಸಲು ದಿನದ 24 ಗಂಟೆಯೂ ಕಾವಲುಗಾರರು. ಇಂಗ್ಲೆಂಡಿನಲ್ಲಿ ಆಗ ಇಂಥ ಕಾವಲಿಗೆ ಒಂದು ಸಾಧಾರಣ ಕಟ್ಟಡಕ್ಕೆ ತಿಂಗಳಿಗೆ ಸುಮಾರು 11,000 ಪೌಂಡ್ ಆಗುತ್ತಿತ್ತು. ಎರಡನೆಯದು, ಹೊದಿಕೆ ಬದಲಿಸಲು ಒಂದೊಂದು ಫ್ಲ್ಯಾಟಿಗೆ ಸುಮಾರು 40,000 ಪೌಂಡ್ ಆಗಬಹುದು ಅಂತ ಏಜೆಂಟ್ ಕಳಿಸಿದ ಪತ್ರ. ಅದು ಪೂರ್ತಿ ನಿವಾಸಿಗಳ ಮೇಲೇ ಬರುವ ಹಾಗೆ ಆಗಿನ ಕಾನೂನು ಇತ್ತು.

ಆ ಪತ್ರ ಬಂದ ರಾತ್ರಿ ಆಕೆ ಫೋನ್ ಮಾಡಿದ್ದರು. "ಅಕ್ಕಾ, ಗೋಡೆ ನಮ್ಮದಲ್ಲ ಅಂತೀರಿ. ದುಡ್ಡು ಮಾತ್ರ ನಮ್ಮದಾ?" ಅಂತ ಕೇಳಿದರು. ಹೌದು, ಆಗ ಪರಿಸ್ಥಿತಿ ಅಷ್ಟೇ ಅನ್ಯಾಯದ್ದಾಗಿತ್ತು.

ಮೊದಲ ತಿರುವು: ಎತ್ತರ

ಸರ್ಕಾರ ಮೊದಲು ಗ್ರೆನ್‌ಫೆಲ್‌ನಲ್ಲಿದ್ದಂಥ ಅಲ್ಯೂಮಿನಿಯಂ ಹೊದಿಕೆಗೆ ಮಾತ್ರ ಹಣ ಕೊಟ್ಟಿತ್ತು. 2018ರಲ್ಲಿ ಸಾಮಾಜಿಕ ವಸತಿಗೆ 40 ಕೋಟಿ ಪೌಂಡ್, 2019ರಲ್ಲಿ ಖಾಸಗಿ ಕಟ್ಟಡಗಳಿಗೆ 20 ಕೋಟಿ. ಎಚ್‌ಪಿಎಲ್‌ನಂಥ ಬೇರೆ ಹೊದಿಕೆಗಳಿಗೆ 2020ರ ಮಾರ್ಚ್ ಬಜೆಟ್‌ನಲ್ಲಿ ಬಿಲ್ಡಿಂಗ್ ಸೇಫ್ಟಿ ಫಂಡ್ ಅಂತ 100 ಕೋಟಿ ಪೌಂಡ್ ಇಟ್ಟರು. 2021ರ ಫೆಬ್ರವರಿಯಲ್ಲಿ ಇನ್ನೂ 350 ಕೋಟಿ ಸೇರಿಸಿದರು. ಆದರೆ ಕಟ್ಟಡ 18 ಮೀಟರ್ ಅಥವಾ ಅದಕ್ಕಿಂತ ಎತ್ತರ ಇರಬೇಕು. ಅಳತೆಯಲ್ಲಿ 30 ಸೆಂಟಿಮೀಟರ್ ರಿಯಾಯಿತಿ ಇತ್ತು, ಹಾಗಾಗಿ 17.7 ಮೀಟರ್ ಆದರೂ ನಡೆಯುತ್ತಿತ್ತು. ಅದಕ್ಕಿಂತ ಕಡಿಮೆ ಇದ್ದವರಿಗೆ ಆಗ ಸಾಲ ಕೊಡುವ ಮಾತು ಮಾತ್ರ ಇತ್ತು. ತಿಂಗಳ ಕಂತು 50 ಪೌಂಡ್ ದಾಟುವುದಿಲ್ಲ ಅಂದಿದ್ದರು, ಅಸಲು ಮಾತ್ರ ವರ್ಷಾನುಗಟ್ಟಲೆ ಆ ಫ್ಲ್ಯಾಟಿನ ಬೆನ್ನಿಗೆ ಅಂಟಿರುತ್ತಿತ್ತು.

ಅರ್ಜಿಯನ್ನು ನಿವಾಸಿ ಹಾಕುವ ಹಾಗಿಲ್ಲ. ಗೋಡೆ ದುರಸ್ತಿಯ ಕಾನೂನು ಹೊಣೆ ಯಾರದೋ ಅವರೇ ಹಾಕಬೇಕು: ಫ್ರೀಹೋಲ್ಡರ್, ಅವರ ಏಜೆಂಟ್, ಇಲ್ಲವೇ ನಿರ್ವಹಣೆಯ ಹಕ್ಕು ಪಡೆದ ಕಂಪನಿ. ಇಲ್ಲಿ ಏಜೆಂಟ್ ಗಡುವಿನೊಳಗೆ, 2020ರ ಜುಲೈನಲ್ಲಿ, ನೋಂದಣಿ ಮಾಡಿಸಿದ್ದ. 2021ರ ಆರಂಭದಲ್ಲಿ ಉತ್ತರ ಬಂತು. ಎತ್ತರ 17.4 ಮೀಟರ್, ಅರ್ಹತೆ ಇಲ್ಲ.

ನಿವಾಸಿಗಳು ಕುಸಿದುಹೋದರು. ಏಜೆಂಟ್ ಫೈಲ್ ಮುಚ್ಚಿದ. ಅಲ್ಲಿಗೆ ಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸಂಘದವರು ಮಾಡಿದ ಅತಿ ಮುಖ್ಯ ಕೆಲಸ ಅಂದರೆ ಆ ಅರ್ಜಿಯ ಪ್ರತಿ ಕೇಳಿದ್ದು. ಏಜೆಂಟ್ ಸುಮ್ನೆ ಕೊಡಲಿಲ್ಲ. ಪತ್ರದ ಮೇಲೆ ಪತ್ರ ಬರೆದರು, ಸ್ಥಳೀಯ ಸಂಸದರ ಕಚೇರಿಯಿಂದಲೂ ಬರೆಸಿದರು. ಕೊನೆಗೆ ಬಂತು. 17.4 ಅನ್ನುವುದನ್ನು ಯಾರೂ ಅಳೆದು ಬರೆದಿರಲಿಲ್ಲ, ಹಳೆಯ ನಕ್ಷೆಯೊಂದರಿಂದ ಎತ್ತಿದ್ದರು. ಆ ನಕ್ಷೆ ಬೀದಿ ಕಡೆಯದು.

ಮೂರನೇ ಮಹಡಿಯಲ್ಲಿ ಒಬ್ಬ ನಿವೃತ್ತ ಸರ್ವೇಯರ್ ಇದ್ದರು. ಅವರೇ ಹೇಳಿದ್ದು: ಜಾಗ ಇಳಿಜಾರು, ಬೀದಿಗಿಂತ ಕಾಲುವೆ ಕಡೆ ನೆಲ ಒಂದು ಮೀಟರಿನಷ್ಟು ಕೆಳಗಿದೆ. ಇಂಗ್ಲೆಂಡಿನ ಕಟ್ಟಡ ನಿಯಮದ ಮಾರ್ಗದರ್ಶಿಯಲ್ಲಿ ಅಳೆಯುವ ಕ್ರಮ ಸ್ಪಷ್ಟವಾಗಿದೆ. ಕಟ್ಟಡದ ಸುತ್ತ ನೆಲ ಎಲ್ಲಿ ಅತಿ ಕೆಳಗಿದೆಯೋ ಅಲ್ಲಿಂದ, ಅತಿ ಮೇಲಿನ ಮಹಡಿಯ ನೆಲದವರೆಗೆ. ಸೂರಿನವರೆಗೆ ಅಲ್ಲ, ಬೀದಿ ಬಾಗಿಲಿನಿಂದಲೂ ಅಲ್ಲ. ಸಂಘದವರು ಚಂದಾ ಎತ್ತಿ ಅಧಿಕೃತ ಸರ್ವೇ ಮಾಡಿಸಿದರು. ಬಂದ ಅಳತೆ 18.4 ಮೀಟರ್.

ಆ ವರದಿ ಇಟ್ಟುಕೊಂಡು ಏಜೆಂಟ್ ಕೈಯಲ್ಲೇ ಮರುಪರಿಶೀಲನೆಗೆ ಬರೆಸಿದರು. 2021ರ ಕೊನೆಗೆ ಕಟ್ಟಡ ಅರ್ಹ ಅಂತ ಉತ್ತರ ಬಂತು. ನಕ್ಷೆಯಿಂದ ಎತ್ತಿದ ಒಂದು ಸಂಖ್ಯೆ ಅರವತ್ತು ಮನೆಗಳ ಒಂದು ವರ್ಷ ತಿಂದಿತ್ತು. ಕಾವಲುಗಾರರ ಬದಲು ಅಲಾರಂ ಹಾಕಿಸಲು ಸರ್ಕಾರ ಬೇರೆಯಾಗಿ ಕೊಡುತ್ತಿದ್ದ ಹಣಕ್ಕೂ ಶುರುವಿನಲ್ಲಿ ಇದೇ ಎತ್ತರದ ಷರತ್ತು ಇತ್ತು. ಹಾಗಾಗಿ ಪೆಟ್ಟು ಎರಡೂ ಕಡೆಯಿಂದ ಬಿದ್ದಿತ್ತು. ಅಲಾರಂ 2022ರಲ್ಲಿ ಬಂತು. ಅಲ್ಲಿಯವರೆಗೆ ಕಾವಲಿಗೆ ಕಟ್ಟಿದ ಹಣ ದಂಪತಿಗೆ ವಾಪಸ್ ಸಿಗಲಿಲ್ಲ.

ಎರಡನೇ ತಿರುವು: ಸಹಿ

ಅರ್ಹತೆ ಸಿಕ್ಕ ಮೇಲೆ ಎಲ್ಲ ಸಲೀಸು ಅಂದುಕೊಂಡಿದ್ದರು. ನಿಧಿಯ ಹಣ ಬಿಡುಗಡೆ ಆಗಬೇಕಾದರೆ ಫ್ರೀಹೋಲ್ಡರ್ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಅದರಲ್ಲಿ ಷರತ್ತುಗಳಿವೆ. ಕೆಲಸದ ಹೊಣೆ ಅವರದು. ತಪ್ಪು ಮಾಡಿದ ಬಿಲ್ಡರ್ ಅಥವಾ ವಿಮೆ ಕಂಪನಿಯಿಂದ ಹಣ ವಸೂಲಿಗೆ ಪ್ರಯತ್ನಿಸಬೇಕು, ಬಂದರೆ ಸರ್ಕಾರಕ್ಕೆ ಕೊಡಬೇಕು. ಈ ಕಟ್ಟಡ ಕಟ್ಟಿದ್ದ ಕಂಪನಿ ಅದೊಂದೇ ಯೋಜನೆಗಾಗಿ ಹುಟ್ಟಿ ಮುಚ್ಚಿಹೋಗಿತ್ತು. ಫ್ರೀಹೋಲ್ಡರ್‌ನ ವಕೀಲರು ಒಂದೊಂದು ಷರತ್ತಿಗೂ ತಕರಾರು ತೆಗೆದರು. 2022 ಹೀಗೇ ಕಳೆಯಿತು. ಖಜಾನೆಯಲ್ಲಿ ಹಣ ಇದೆ, ಗೋಡೆ ಇದ್ದ ಹಾಗೇ ಇದೆ, ಕಳಿಸಿದ ಇಮೇಲ್‌ಗಳಿಗೆಲ್ಲ "ನಮ್ಮ ವಕೀಲರು ಪರಿಶೀಲಿಸುತ್ತಿದ್ದಾರೆ" ಅನ್ನುವ ಉತ್ತರ.

ಅಷ್ಟರಲ್ಲಿ ಕಾನೂನು ಬದಲಾಯಿತು. ಬಿಲ್ಡಿಂಗ್ ಸೇಫ್ಟಿ ಆಕ್ಟ್ 2022ರ ಏಪ್ರಿಲ್ 28ರಂದು ಕಾಯ್ದೆಯಾಯಿತು. ನಿವಾಸಿಗಳ ರಕ್ಷಣೆಯ ಭಾಗ ಜೂನ್ 28ರಿಂದ ಜಾರಿಗೆ ಬಂತು. 11 ಮೀಟರ್ ಅಥವಾ ಐದು ಮಹಡಿಗಿಂತ ಕಡಿಮೆಯಿಲ್ಲದ ಕಟ್ಟಡದಲ್ಲಿ ಅರ್ಹ ಲೀಸ್‌ಹೋಲ್ಡರ್ ಆದವರಿಂದ ಕ್ಲ್ಯಾಡಿಂಗ್ ದುರಸ್ತಿಗೆ ಒಂದು ಪೈಸೆಯೂ ಕೇಳುವಂತಿಲ್ಲ. ಬೇರೆ ಬೆಂಕಿ ದೋಷಗಳ ಖರ್ಚಿಗೂ ಮಿತಿ ಇದೆ. ಫ್ರೀಹೋಲ್ಡರ್ ಗುಂಪಿನ ಆಸ್ತಿ ಕಟ್ಟಡವೊಂದಕ್ಕೆ 20 ಲಕ್ಷ ಪೌಂಡ್ ಲೆಕ್ಕಕ್ಕಿಂತ ಹೆಚ್ಚಿದ್ದರೆ ಆ ಖರ್ಚೂ ಅವರದೇ.

ಅರ್ಹತೆಯ ಪ್ರಶ್ನೆ ಬಂದಾಗ ದಂಪತಿ ಗಾಬರಿಯಾದರು. ನಿಯಮ ಹೀಗಿದೆ: 2022ರ ಫೆಬ್ರವರಿ 14ರಂದು ಆ ಫ್ಲ್ಯಾಟ್ ನಿಮ್ಮ ಮುಖ್ಯ ಮನೆ ಆಗಿರಬೇಕು, ಇಲ್ಲದಿದ್ದರೆ ಆ ಫ್ಲ್ಯಾಟೂ ಸೇರಿ ನಿಮ್ಮ ಹೆಸರಲ್ಲಿ ಮೂರಕ್ಕಿಂತ ಹೆಚ್ಚು ಮನೆ ಇರಬಾರದು. ಇವರಿಗೆ ಹಾಸನದಲ್ಲಿ ಅಪ್ಪನಿಂದ ಬಂದ ಮನೆ, ಬೆಂಗಳೂರಿನಲ್ಲಿ ಎರಡು ಫ್ಲ್ಯಾಟ್. ನಾವು ಹೊರಗೆ ಬಿದ್ದೆವು ಅಂದುಕೊಂಡು ಮೊದಲಿಗೆ ಸುಮ್ಮನಾಗಿಬಿಟ್ಟಿದ್ದರು. ಆದರೆ ಇವರ ಮುಖ್ಯ ಮನೆ ಇದೇ, ಅಷ್ಟೇ ಸಾಕಿತ್ತು. ಮನೆಗಳ ಎಣಿಕೆಯಲ್ಲೂ ಬರುವುದು ಯುನೈಟೆಡ್ ಕಿಂಗ್‌ಡಮ್ ಒಳಗಿನವು ಮಾತ್ರ. ಏಳನೇ ಮಹಡಿಯ ಇನ್ನೊಬ್ಬರು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಮೈಸೂರಿಗೆ ವಾಪಸ್ ಹೋಗಿದ್ದರು. ಅವರಿಗೆ ಬ್ರಿಟನ್ನಿನಲ್ಲಿ ಇದೊಂದೇ ಮನೆ, ಹಾಗಾಗಿ ಅವರೂ ಅರ್ಹರೇ. ನಮ್ಮ ಜನ ತುಂಬ ಕಡೆ ಎಡವುವುದು ಇಲ್ಲಿ. ಊರಿನ ಆಸ್ತಿ ಇದೆ ಅಂತ ತಾವೇ ಅನರ್ಹರು ಅಂದುಕೊಂಡು, ನಾನು ಅರ್ಹ ಅಂತ ಫ್ರೀಹೋಲ್ಡರ್‌ಗೆ ಬರೆದುಕೊಡುವ ಘೋಷಣಾ ಪತ್ರವನ್ನೇ ತುಂಬುವುದಿಲ್ಲ.

ಸಂಘ ಆಗ ಎರಡು ಕೆಲಸ ಮಾಡಿತು. ಒಂದು, ಪ್ರತಿ ಫ್ಲ್ಯಾಟಿನಿಂದಲೂ ಆ ಘೋಷಣಾ ಪತ್ರ ತುಂಬಿಸಿ ಫ್ರೀಹೋಲ್ಡರ್‌ಗೆ ಕಳಿಸಿತು, ಜೊತೆಗೆ ಫ್ರೀಹೋಲ್ಡರ್ ಕೊಡಬೇಕಾದ ಆಸ್ತಿ ಪ್ರಮಾಣಪತ್ರವನ್ನು ಬರವಣಿಗೆಯಲ್ಲಿ ಕೇಳಿತು. ಕೇಳಿದ ನಾಲ್ಕು ವಾರದಲ್ಲಿ ಅದನ್ನು ಕೊಡಬೇಕು. ಕೊಡದಿದ್ದರೆ ಖರ್ಚು ಭರಿಸುವ ಶಕ್ತಿ ಅವರಿಗಿದೆ ಅಂತಲೇ ಕಾನೂನು ತಿಳಿಯುತ್ತದೆ. ಎರಡು, ಇಂಥ ತಕರಾರು ಕೇಳುವ ನ್ಯಾಯಮಂಡಳಿಯಾದ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನಲ್ಲಿ ದುರಸ್ತಿ ಆದೇಶಕ್ಕೆ ಅರ್ಜಿ ತಯಾರು ಮಾಡಿತು. ಹೊಸ ಕಾಯ್ದೆ ಪ್ರಕಾರ ಲೀಸ್‌ಹೋಲ್ಡರ್‌ಗಳೇ ಈ ಆದೇಶ ಕೇಳಬಹುದು. ಇಂತಿಷ್ಟು ದಿನದೊಳಗೆ ಗೋಡೆ ಸರಿಮಾಡು ಅಂತ ಟ್ರಿಬ್ಯೂನಲ್ ಫ್ರೀಹೋಲ್ಡರ್‌ಗೆ ಹೇಳಬಹುದು.

ಇಲ್ಲಿ ಸಂಘದೊಳಗೇ ಜಗಳ ಆಯಿತು. ಕೆಲವರು ಇಂದೇ ಹಾಕೋಣ ಅಂದರು. ಕೆಲವರಿಗೆ ವಕೀಲರ ಖರ್ಚಿನ ಭಯ. ಫ್ರೀಹೋಲ್ಡರ್ ಸಿಟ್ಟಾಗಿ ನಿಧಿಯ ಅರ್ಜಿಯನ್ನೇ ಕೈಬಿಟ್ಟರೆ ಅನ್ನುವ ಆತಂಕವೂ ಇತ್ತು. ಆ ಆತಂಕ ಸುಳ್ಳಲ್ಲ. ಕೊನೆಗೆ ಕರಡು ಅರ್ಜಿಯನ್ನು ಫ್ರೀಹೋಲ್ಡರ್‌ಗೆ ಕಳಿಸಿ ಗಡುವು ಕೊಡುವುದು ಅಂತ ತೀರ್ಮಾನವಾಯಿತು. ಪ್ರತಿಯನ್ನು ನಗರ ಕೌನ್ಸಿಲ್‌ಗೂ ಅಗ್ನಿಶಾಮಕ ಸೇವೆಗೂ ಕಳಿಸಿದರು. 2023ರ ಆಗಸ್ಟ್‌ನಲ್ಲಿ ದಕ್ಷಿಣ ಲಂಡನ್ನಿನ ಒಂದು ಕಟ್ಟಡದ ನಿವಾಸಿಗಳಿಗೆ ಇಂಥ ಮೊದಲ ಆದೇಶ ಸಿಕ್ಕಿತು. ಸಂಘ ಅದರ ಪ್ರತಿ ಲಗತ್ತಿಸಿ ಇನ್ನೊಂದು ಪತ್ರ ಬರೆಯಿತು. ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಯಾವುದು ಕೆಲಸ ಮಾಡಿತು ಅಂತ ಖಚಿತವಾಗಿ ಹೇಳುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಸಹಿ ಹಾಕದೇ ಇರುವುದಕ್ಕೂ ಬೆಲೆ ತೆರಬೇಕು ಅಂತ ಆದ ಮೇಲೆಯೇ ಸಹಿ ಆಯಿತು. ಅಲ್ಲಿಯವರೆಗೆ ತಡದ ಬೆಲೆಯನ್ನು ಕಟ್ಟುತ್ತಿದ್ದವರು ನಿವಾಸಿಗಳು ಮಾತ್ರ.

ಕೆಲಸ ನಡೆದದ್ದು

2024ರ ಆರಂಭದಲ್ಲಿ ಸಾರವೆ ಕಟ್ಟಿ, ಇಡೀ ಕಟ್ಟಡಕ್ಕೆ ಬಿಳಿ ಪ್ಲಾಸ್ಟಿಕ್ ಸುತ್ತಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಿಟಕಿ ತೆರೆಯುವ ಹಾಗಿಲ್ಲ, ಬಿಸಿಲಿಲ್ಲ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸುಗಳು ಆ ಕಟ್ಟಡದಲ್ಲಿ ಹಲವರಿದ್ದರು. ಡ್ರಿಲ್ ಸದ್ದಿನಲ್ಲಿ ಅವರು ಅನುಭವಿಸಿದ್ದನ್ನು ಯಾವ ನಿಧಿಯೂ ತುಂಬಿಕೊಡುವುದಿಲ್ಲ.

ಬಿಚ್ಚುತ್ತಾ ಹೋದ ಹಾಗೆ ಬೆಂಕಿ ತಡೆ ಪಟ್ಟಿ ಇಲ್ಲದ ಜಾಗಗಳು ಅಂದಾಜಿಗಿಂತ ಜಾಸ್ತಿ ಸಿಕ್ಕವು. ಹೆಚ್ಚುವರಿ ಖರ್ಚಿಗೆ ನಿಧಿಯಿಂದ ಮತ್ತೆ ಒಪ್ಪಿಗೆ ಬೇಕಾಯಿತು, ಆ ವಾರಗಳಲ್ಲಿ ಸಾರವೆ ಮೇಲೆ ಯಾರೂ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ಪೂರ್ವ ಲಂಡನ್ನಿನ ಡ್ಯಾಗನಮ್‌ನಲ್ಲಿ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲೂ ಹೊದಿಕೆ ತೆಗೆಯುವ ಕೆಲಸ ನಡೆಯುತ್ತಿತ್ತು. ಮಾರನೆಯ ದಿನವೇ ಸಂಘದವರು ಗುತ್ತಿಗೆದಾರನ ಜೊತೆ ಕೂತರು. ಹೊರಹೋಗುವ ದಾರಿಗಳಲ್ಲಿ ಸಾಮಾನು ಇಡಬಾರದು, ಪ್ರತಿ ಸಂಜೆ ಒಬ್ಬರು ನಡೆದು ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಅಂತ ಒಪ್ಪಿಸಿದರು. ಕೆಲಸ ಶುರುವಾಗುವ ಮೊದಲೇ ಇದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ದಂಪತಿಗೆ ಈ ನಡುವೆ ಒಂದು ಅವಕಾಶ ಬಂದಿತ್ತು. ದುರಸ್ತಿಯ ಹಣ ಖಚಿತವಾಗಿರುವ ಕಟ್ಟಡಗಳಿಗೆ ಸಾಲ ಕೊಡುತ್ತೇವೆ ಅಂತ ದೊಡ್ಡ ಬ್ಯಾಂಕುಗಳು 2023ರ ಜನವರಿಯಿಂದ ಹೇಳಿದ್ದವು. ಸಹಿ ಆದ ಮೇಲೆ ಒಬ್ಬರು ಬಂದು ಕೇಳಿದರು, ಆದರೆ ತೀರಾ ಕಡಿಮೆಗೆ. ಇಬ್ಬರೂ ಯೋಚಿಸಿ ಬೇಡ ಅಂದರು. 2025ರ ಬೇಸಿಗೆಯಲ್ಲಿ ಕೆಲಸ ಮುಗಿದು ಹೊಸ ಫಾರ್ಮಿನಲ್ಲಿ ಬಿ1 ದರ್ಜೆ ಬಂತು, ದುರಸ್ತಿ ಬೇಕಿಲ್ಲ ಅಂತ. ಆ ವರ್ಷವೇ ಫ್ಲ್ಯಾಟ್ ಮಾರಾಟವಾಯಿತು. ಕೊಂಡ ಬೆಲೆಗಿಂತ ಸ್ವಲ್ಪ ಕಡಿಮೆಗೆ. ಅಷ್ಟರಲ್ಲಿ ದೊಡ್ಡ ಮಗಳು ಹೈಸ್ಕೂಲಿಗೆ ಬಂದಿದ್ದಳು.

ಇದರಿಂದ ತಿಳಿದದ್ದು

ಈ ಯೋಜನೆಯ ಹಣದ ಬಗ್ಗೆ ನನಗೆ ಗೌರವವಿದೆ. ಅದು ಬರದಿದ್ದರೆ ಆ ಕಟ್ಟಡದಲ್ಲಿ ಎಷ್ಟೋ ಜನ ದಿವಾಳಿ ಆಗುತ್ತಿದ್ದರು. ಆದರೆ ಅಪಾಯದಲ್ಲಿ ಮಲಗುವವರ ಕೈಗೆ ಅರ್ಜಿ ಕೊಡದೆ, ಅಲ್ಲಿ ಒಂದು ರಾತ್ರಿಯೂ ಮಲಗದವರ ಕೈಗೆ ಕೊಟ್ಟದ್ದು ಯೋಜನೆಯ ಮೂಲ ದೋಷ. ಮೂರೂವರೆ ವರ್ಷದ ತಡ ಹುಟ್ಟಿದ್ದು ಬಹುಪಾಲು ಅಲ್ಲೇ. ಇಡೀ ದೇಶದ ಚಿತ್ರವೂ ಸಮಾಧಾನಕರವಾಗಿಲ್ಲ. ಅಪಾಯಕಾರಿ ಹೊದಿಕೆ ಇರುವ ಕಟ್ಟಡಗಳಲ್ಲಿ ಶೇ. 60ರಷ್ಟು ಇನ್ನೂ ಗುರುತೇ ಆಗಿಲ್ಲದೆ ಇರಬಹುದು ಅಂತ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2024ರ ನವೆಂಬರ್‌ನಲ್ಲಿ ಹೇಳಿತು. ಒಟ್ಟು ಖರ್ಚಿನ ಅಂದಾಜು 1,660 ಕೋಟಿ ಪೌಂಡ್.

ಇಂಥ ಕಟ್ಟಡದಲ್ಲಿ ಇರುವವರಿಗೆ ನನ್ನ ಸಲಹೆ, ಏಜೆಂಟ್ ಏನು ಬರೆದಿದ್ದಾನೆ ಅನ್ನುವುದನ್ನು ಮೊದಲು ಕಣ್ಣಾರೆ ನೋಡಿ. ತಿರಸ್ಕಾರದ ಪತ್ರಕ್ಕಿಂತ ಅರ್ಜಿಯ ಪ್ರತಿ ಮುಖ್ಯ. ಎತ್ತರ, ಹೊದಿಕೆಯ ಬಗೆ, ಕಟ್ಟಿದ ವರ್ಷ, ಈ ಮೂರನ್ನು ನೀವೇ ತಾಳೆ ನೋಡಿ. ಅರ್ಹತೆಯ ಘೋಷಣಾ ಪತ್ರವನ್ನು ಮಾರುವ ಹೊತ್ತಿಗೆ ತುಂಬಿದರಾಯಿತು ಅಂತ ಬಿಡಬೇಡಿ. ಭಾರತದಿಂದ ಸಾಕ್ಷ್ಯ, ದಾಖಲೆ ತರಿಸಲು ಹೊತ್ತು ಹಿಡಿಯುತ್ತದೆ. ಸಂಘ ಇಲ್ಲದಿದ್ದರೆ ಕಟ್ಟಿಕೊಳ್ಳಿ, ಒಬ್ಬೊಬ್ಬರೇ ಬರೆದ ಪತ್ರಗಳಿಗೆ ಉತ್ತರ ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಈ ಕಟ್ಟಡದಲ್ಲಿ ಎಲ್ಲವೂ ಮುಗಿದಿಲ್ಲ. ಬಾಲ್ಕನಿಗಳ ಮರದ ನೆಲ ಇಲ್ಲಿ ನಿಧಿಯ ಲೆಕ್ಕಕ್ಕೆ ಬರಲಿಲ್ಲ. ಅದರ ಖರ್ಚಿನಲ್ಲಿ ಅರ್ಹರ ಪಾಲನ್ನು ಫ್ರೀಹೋಲ್ಡರ್ ಹೊತ್ತರು. ಬ್ರಿಟನ್ನಿನಲ್ಲಿ ನಾಲ್ಕು ಮನೆ ಇಟ್ಟುಕೊಂಡು ಈ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದ ಒಬ್ಬ ಹಿರಿಯರಿಗೆ ಮಾತ್ರ ಬಿಲ್ ಬಂದಿದೆ, ಅವರು ಅದನ್ನು ಟ್ರಿಬ್ಯೂನಲ್‌ನಲ್ಲಿ ಪ್ರಶ್ನಿಸಿದ್ದಾರೆ. ವಿಮೆಯ ಕಂತು ಇಳಿದಿದೆ, ಹಳೆಯ ಮಟ್ಟಕ್ಕೆ ಬಂದಿಲ್ಲ. ಕಾಲುವೆಯ ಆಚೆ ದಡದ ಐದು ಮಹಡಿ ಕಟ್ಟಡದಲ್ಲೂ ಅದೇ ಮರದ ಬಣ್ಣದ ಫಲಕಗಳಿವೆ. 11ರಿಂದ 18 ಮೀಟರ್ ಕಟ್ಟಡಗಳಿಗೂ 2023ರ ಜುಲೈನಿಂದ ಕ್ಲ್ಯಾಡಿಂಗ್ ಸೇಫ್ಟಿ ಸ್ಕೀಮ್ ಇದೆ. ಅಲ್ಲಿ ನಿವಾಸಿಯೇ ತನ್ನ ಕಟ್ಟಡದ ವಿಷಯ ಸರ್ಕಾರಕ್ಕೆ ತಿಳಿಸಬಹುದು. ಅಲ್ಲಿನವರು ತಿಳಿಸಿದ್ದಾರೆ. ಅರ್ಜಿ ಹಾಕಬೇಕಾದ ಏಜೆಂಟ್ ಗೋಡೆ ಪರೀಕ್ಷೆಯ ವರದಿಯನ್ನು ಅವರಿಗೆ ಇನ್ನೂ ತೋರಿಸಿಲ್ಲ.